ಕೆಳಗಿನ ಸಣ್ಣ ಸಾಲು

ಅವ್ವಾ,

ಇಂದು ನೆರೆಮನೆಯ ಚಂದ್ರಾಬಾಯಿ ಒಂದು ಲಕೋಟೆ ತಂದಳು. ನಿನ್ನಂತೆ ಅವಳಿಗೂ ಮರಾಠಿ ಓದಲು ಬಾರದು. ಸರದ ಚಿತ್ರದ ಪಕ್ಕದ ಕೆಂಪು ಮೊಹರು ಕಂಡು ಸರಕಾರದ್ದೆಂದು ನಂಬಿ, ಅಂದು ನೀನು ನಿನ್ನ ಲಕೋಟೆಗೆ ವಿಭೂತಿ ಹಚ್ಚಿದಂತೆ ಅವಳು ಇದಕ್ಕೆ ಅರಿಸಿನದ ಭಂಡಾರ ಹಚ್ಚಿದ್ದಳು.

"ಬಂಗಾರದ ಸರಾ ಬಹುಮಾನ ಬಂದೈತೇನ, ನೋಡವ್ವ."

ನಾನು ಕೆಳಗಿನ ಸಣ್ಣ ಸಾಲನ್ನೇ ಮೊದಲು ಓದಿದೆ: ಇದು ಜಾಹೀರಾತು, ಬಹುಮಾನದ ಖಾತ್ರಿಯಿಲ್ಲ.

"ಇವ್ರು ಕೇಳೋ ಶುಲ್ಕ ಕಟ್ಟಬ್ಯಾಡ್ರಿ, ಆಯಿ."

"ಎಷ್ಟ ನಿಗಾ ಇಟ್ಟ ಓದತಿ. ನಿಮ್ಮವ್ವ ಪುಣ್ಯಾ ಮಾಡಿದ್ಲು."

ಅಂದು ನಿನಗೂ ಇಂಥದೇ ಲಕೋಟೆ ಬಂದಾಗ ಒಲೆಯ ಮೇಲೆ ಹಾಲಿತ್ತು. ದೊಡ್ಡ ಅಕ್ಷರಗಳನ್ನಷ್ಟೇ ಓದಿ, ಅರ್ಜಿಯನ್ನೂ ನಾನೇ ತುಂಬಿದೆ. ನೀನು ಬೆಂಡೋಲೆ ಮಾರಿ ಶುಲ್ಕ ಕಳಿಸಿದೆ. ಸರ ಬರದಿದ್ದಾಗ ನೀನು ಅಂಚೆಯವನನ್ನು ಬೈದೆ. ಅಷ್ಟರಲ್ಲಿ ಆ ಸಣ್ಣ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ನಿನ್ನ ಜೊತೆ ಕುಳಿತು ನಾನೂ ಅವನನ್ನೇ ಬೈದೆ.