ತಲೆ ತಗ್ಗಿಸಿ, ಕೈ ಎತ್ತಿ

ಆಗಸ್ಟ್ ೨೪, ಭಾನುವಾರ

ಅಕ್ಕಾ,

ಎರಡು ಪತ್ರಕ್ಕೆ ಉತ್ತರ ಬಾಕಿ ಇಟ್ಟುಕೊಂಡು ಕೂತಿರುವ ನಿನ್ನ ತಂಗಿಯ ನಮಸ್ಕಾರ. ಬೈಯಬೇಡ. ಶಾಲೆಯ ಕೆಲಸ ಎಂದು ನೆಪ ಹೇಳಬಹುದಿತ್ತು, ಆದರೆ ನಿಜವೆಂದರೆ ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಗಂಟಲು ನಿನಗೆ ಗೊತ್ತೇ ಇದೆ, ಪಕ್ಕದ ಕೋಣೆಯಲ್ಲಿರುವ ಚೂಟಿಗೆ ಎಲ್ಲವೂ ಕೇಳಿಸುತ್ತದೆ.

ಅವಳು ಮುಂದಿನ ವರ್ಷ ನಿನ್ನ ಮನೆಯಲ್ಲಿದ್ದುಕೊಂಡು ಅಲ್ಲಿನ ಶಾಲೆಗೆ ಹೋಗುತ್ತೇನೆ ಎಂದಳಂತೆ. ನನಗೆ ಒಂದು ಮಾತೂ ಹೇಳಿಲ್ಲ. ಹೆತ್ತ ಮಗಳ ಮನಸ್ಸನ್ನು ನಾನು ದೊಡ್ಡಮ್ಮನ ಪತ್ರದಲ್ಲಿ ಓದಿ ತಿಳಿಯಬೇಕಾಯಿತು. "ಕಳಿಸ್ತೀಯಾ?" ಎಂದು ಕೇಳಿದ್ದೀಯ. ಕಳಿಸುವುದಿರಲಿ, ಅವಳು ಯಾಕೆ ಹೋಗಬೇಕು ಎಂಬುದೇ ನನ್ನ ತಲೆಗೆ ಹತ್ತುತ್ತಿಲ್ಲ.

ಈ ವರ್ಷ ಅವಳು ಒಂಬತ್ತನೇ ತರಗತಿ, ಅವಳಿಗೆ ಗಣಿತ ಹೇಳಿಕೊಡುವವಳು ನಾನೇ. ಮೊದಲ ದಿನವೇ ನಿಯಮ ಹಾಕಿದ್ದೆ: ಶಾಲೆಯ ಗೇಟಿನಿಂದ ಆಚೆ ಅಮ್ಮ, ಈಚೆ ಟೀಚರ್. ಮಗಳೆಂದು ವಹಿಸಿಕೊಳ್ಳುತ್ತಾಳೆ ಎಂದು ಯಾರೂ ಬೆರಳು ತೋರಿಸಬಾರದಲ್ಲ. ಚೂಟಿ ಚಾಚೂ ತಪ್ಪದೆ ಪಾಲಿಸಿದಳು. ಆದರೆ ಅಡುಗೆಮನೆಯ ಮೇಜಿನ ಮೇಲೆ ಕಾಲಾಡಿಸುತ್ತ ಪಟಪಟನೆ ಮಾಡುವ ಲೆಕ್ಕವನ್ನೇ ತರಗತಿಯ ಪರೀಕ್ಷೆಯಲ್ಲಿ ಕೊಟ್ಟರೆ ಖಾಲಿ ಹಾಳೆ ಕೊಡುತ್ತಾಳೆ. ಕೇಳಿದರೆ "ಮರೆತುಹೋಯ್ತು" ಅನ್ನುತ್ತಾಳೆ. ಮನೆಗೆ ಬಂದರೆ ಮತ್ತೆ ನೆನಪಿರುತ್ತದೆ. ಇದು ಯಾವ ಸೀಮೆಯ ಮರೆವು, ನೀನೇ ಹೇಳು.

ಇದರ ಮಧ್ಯೆ ಶನಿವಾರ ಶನಿವಾರ ನಮಗೊಂದು ತರಬೇತಿ ಬೇರೆ. ಶೈಕ್ಷಣಿಕ ಮನೋವಿಜ್ಞಾನ ಹೇಳಿಕೊಡಲು ಒಬ್ಬ ಮೇಡಂ ಬಂದಿದ್ದರು. ಸಣ್ಣ ದನಿ, ದೊಡ್ಡ ಕನ್ನಡಕ. ಹೆದರಿದ ಮಗುವಿನ ತಲೆಯಲ್ಲಿ ಹೆದರಿಕೆಯೇ ಕಾಲು ಚಾಚಿ ಕೂತಿರುತ್ತದೆ, ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ ಎಂದರು. ನನ್ನ ಪಕ್ಕದಲ್ಲಿದ್ದ ವಿಜ್ಞಾನದ ಮೇಷ್ಟ್ರು, "ಹಾಗಾದ್ರೆ ಇಷ್ಟು ವರ್ಷ ನಾವೇನು ಕತ್ತೆ ಕಾಯ್ತಿದ್ವಾ?" ಎಂದು ಗೊಣಗಿದರು. ನಾನೂ ನಕ್ಕೆ. ಆದರೂ ನೋಡಿಯೇಬಿಡೋಣ ಎನಿಸಿತು.

ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ, ಮಕ್ಕಳಿಗೆ ಯೋಚಿಸಲು ಬಿಡಿ ಎಂದಿದ್ದರು. ಸುಮ್ಮನೆ ನಿಂತೆ. ನನ್ನ ಬಾಯಿ ಸುಮ್ಮನಿದ್ದದ್ದನ್ನು ಎಂದೂ ಕಾಣದ ಮಕ್ಕಳು ಗಾಬರಿಯಾದರು, ಮಾನಿಟರ್ ಹುಡುಗಿ ನೀರಿನ ಬಾಟಲಿ ತಂದುಕೊಟ್ಟಳು. ಆದರೆ ಮೂರನೆಯ ದಿನಕ್ಕೆ ಹಿಂದಿನ ಬೆಂಚಿನ ಒಬ್ಬಳು ಬಾಯಿ ಬಿಟ್ಟಳು. ಸ್ಟಾಫ್‌ರೂಮಿನಲ್ಲಿ ನಾವೆಲ್ಲ ಮೌನಗೌರಿ ಎಂದು ಕರೆಯುವ ಹುಡುಗಿ ಅವಳು. ಉತ್ತರ ತಪ್ಪಿತ್ತು. "ನೀನು ಯೋಚಿಸಿದ ದಾರಿ ಚೆನ್ನಾಗಿದೆ" ಎಂದೆ. ಮಾರನೆಯ ದಿನ ತಾನಾಗಿಯೇ ಎದ್ದು ಬೋರ್ಡಿಗೆ ಬಂದಳು. ಅಕ್ಕಾ, ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಬಂದು ಅದನ್ನೇ ಹೇಳಿದ್ದೇ ಹೇಳಿದ್ದು. ಚೂಟಿ ತಟ್ಟೆ ನೋಡುತ್ತ ಊಟ ಮಾಡಿ ಎದ್ದುಹೋದಳು.

ಇವರು ಮಾತ್ರ, "ಅವತ್ತು ಚೂಟಿನೂ ಸರಿಯಾದ ಉತ್ತರ ಹೇಳಿದ್ಲಂತೆ. ಅವಳಿಗೆ ಏನಂದೆ?" ಎಂದು ಕೇಳಿದರು.

"ಕೂತ್ಕೋ ಅಂದೆ."

"ಅಷ್ಟೇನಾ?"

"ಮತ್ತೇನು, ಎಲ್ಲರೆದುರಿಗೆ ಮಗಳನ್ನ ಹೊಗಳ್ಲಾ?"

ಇವರು ಪೇಪರಿನೊಳಗೆ ತಲೆ ಹುದುಗಿಸಿದರು. ಈ ಗಂಡಸರು ಪ್ರಶ್ನೆ ಕೇಳಿ ಪೇಪರಿನೊಳಗೆ ಹೋಗುವುದಕ್ಕೂ ಏನೋ ಶಾಸ್ತ್ರವಿರಬೇಕು.

ತರಬೇತಿಯ ಕೊನೆಯ ದಿನ ಮೇಡಂ ಹತ್ತಿರ "ಒಬ್ಬ ವಿದ್ಯಾರ್ಥಿನಿ ಇದ್ದಾಳೆ" ಎಂದು ಖಾಲಿ ಹಾಳೆಯ ಕಥೆ ಹೇಳಿದೆ. ಯಾರೆಂದು ಹೇಳಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ, "ಗೊತ್ತಿಲ್ಲದ ಮಗು ಬೇರೆ, ಗೊತ್ತಿದ್ದೂ ಕೈ ಓಡದ ಮಗು ಬೇರೆ. ಮಕ್ಕಳಿಗೆ ಕಣ್ಣು ಮುಚ್ಚಿ ಡೆಸ್ಕಿನ ಮೇಲೆ ತಲೆ ಇಡೋಕೆ ಹೇಳಿ. ಆಮೇಲೆ ಪ್ರಶ್ನೆ ಕೇಳಿ, ಕೈ ಎತ್ತಿಸಿ. ಒಬ್ಬರನ್ನೊಬ್ಬರು ನೋಡದಿದ್ರೆ ನಿಜ ಹೇಳ್ತಾರೆ. ಯಾರ ಕೈ ಅಂತ ಮಾತ್ರ ಹುಡುಕಿಕೊಂಡು ಹೋಗ್ಬೇಡಿ" ಎಂದರು.

ಮೊನ್ನೆ ಶುಕ್ರವಾರ ಹಾಗೇ ಮಾಡಿದೆ. ಎಲ್ಲರೂ ತಲೆ ತಗ್ಗಿಸಿದರು. "ಈ ಪಾಠ ಯಾರಿಗೆ ಅರ್ಥವಾಗಿಲ್ಲ?" ಎಂದರೆ ದಿನಾ ಗೋಣು ಆಡಿಸುವವರಲ್ಲಿ ಅರ್ಧಕ್ಕರ್ಧ ಕೈಗಳು ಮೇಲೆ. ನಾನು ಪಾಠ ಮಾಡಿದ್ದು ಗೋಡೆಗೋ ಏನೋ ಎನಿಸಿತು. ಧೈರ್ಯ ಮಾಡಿ ಇನ್ನೊಂದು ಕೇಳಿದೆ: "ನನ್ನನ್ನು ಕಂಡರೆ ಯಾರಿಗೆ ಹೆದರಿಕೆ?" ಒಂದೇ ಒಂದು ಕೈ ಎದ್ದಿತು. ಸ್ಟಾಫ್‌ರೂಮಿನಲ್ಲಿ ಹೇಳಿದಾಗ ವಿಜ್ಞಾನದ ಮೇಷ್ಟ್ರು, "ಒಂದೇನಾ? ನನ್ನ ಕ್ಲಾಸಲ್ಲಿ ಕೇಳಿದ್ರೆ ಬೆಂಚುಗಳೂ ಕೈ ಎತ್ತುತ್ವೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ.

ಹಾಗಾಗಿ ಅಕ್ಕಾ, ಈ ಶಾಸ್ತ್ರ ನನಗೆ ಅರ್ಥವಾಯಿತೋ ಇಲ್ಲವೋ ನನಗೇ ಗೊತ್ತಿಲ್ಲ. ಊರ ಮಕ್ಕಳ ಮೇಲೆಲ್ಲ ಅದು ಕೆಲಸ ಮಾಡುತ್ತಿದೆ. ಚೂಟಿಯ ವಿಷಯಕ್ಕೆ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಕಳಿಸಿದರೆ ಕೈಬಿಟ್ಟಂತೆ, ಇಟ್ಟುಕೊಂಡರೆ ಕಟ್ಟಿಹಾಕಿದಂತೆ. ನೀನು ಅವಳಿಗೆ ಇನ್ನೂ ಏನೂ ಹೇಳಬೇಡ.

ಭಾವನಿಗೆ ನಮಸ್ಕಾರ, ನಿನ್ನ ಮಕ್ಕಳಿಗೆ ಸದಾ ಒಳ್ಳೆಯದಾಗಲಿ. ದೊಡ್ಡವಳು ನೀನು, ಅಲ್ಲಿಂದಲೇ ನನ್ನ ತಲೆಯ ಮೇಲೊಂದು ಕೈ ಇಡು.

ನಿನ್ನ
ತಂಗಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಆ ಕೈ ಯಾರದೆಂದು ನಾನು ಹುಡುಕಬೇಕಾಗಿಯೇ ಇರಲಿಲ್ಲ. ಅದರಲ್ಲಿದ್ದ ಗಡಿಯಾರದ ಪಟ್ಟಿಯನ್ನು ಬೆಳಗ್ಗೆ ಬಿಗಿ ಮಾಡಿ ಕಟ್ಟಿದವಳು ನಾನೇ. "ಸಾಕು, ಕೈ ಇಳಿಸಿ, ತಲೆ ಎತ್ತಿ" ಎಂದೆ. ಎಲ್ಲರೂ ತಲೆ ಎತ್ತಿದರು, ಅವಳು ಎತ್ತಲಿಲ್ಲ. ಬೇರೆ ಯಾರ ಮಗುವಾಗಿದ್ದರೂ ಹತ್ತಿರ ಹೋಗಿ ಬೆನ್ನು ಸವರುತ್ತಿದ್ದೆ. ಮಗಳೆಂದು ವಹಿಸಿಕೊಂಡಳು ಅನ್ನುತ್ತಾರಲ್ಲ ಎಂದು ಬೋರ್ಡಿನ ಕಡೆ ತಿರುಗಿ ಮುಂದಿನ ಲೆಕ್ಕ ಬರೆಯತೊಡಗಿದೆ. ಬರೆದು ಮುಗಿಸಿ ತಿರುಗಿದಾಗಲೂ ಅವಳ ಕೈ ಹಾಗೇ ಮೇಲಿತ್ತು.