ಎರಡು ಮನೆಯ ಮಾತ್ರೆ

ಕಡೂರು, ಬೆಳಿಗ್ಗೆ

ಪ್ರಜ್ಞಾ,

ನನ್ನ ಫೋನನ್ನೂ ಎತ್ತುತ್ತಿಲ್ಲ, ನಿನ್ನ ಭಾವನ ಫೋನನ್ನೂ ಎತ್ತುತ್ತಿಲ್ಲ. ಅದಕ್ಕೇ ಅವರ ಕೈಲಿ ಅಜ್ಜಂಪುರಕ್ಕೆ ಈ ಕಾಗದ ಕಳಿಸುತ್ತಿದ್ದೇನೆ. ಓದದೆ ಮಡಚಿಡಬೇಡ.

ಅಮ್ಮ ಇವತ್ತು ಬಚ್ಚಲಲ್ಲಿ ಬೆವತು ಬಿದ್ದಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರೂ ಶುಗರ್ ಮತ್ತೆ ಮತ್ತೆ ಇಳಿಯುತ್ತಿದೆ. ನಾನು ಇಲ್ಲಿ ಕೊಡಿಸಿದ ಶುಗರ್ ಮಾತ್ರೆಯ ಜೊತೆಗೆ, ಹೋದ ತಿಂಗಳು ನಿನ್ನ ಮನೆಯಲ್ಲಿದ್ದಾಗ ನೀನು ತರೀಕೆರೆ ಡಾಕ್ಟರ ಹತ್ತಿರ ಬರೆಸಿದ ಮಾತ್ರೆಯನ್ನೂ ನುಂಗುತ್ತಿದ್ದಳಂತೆ.

"ಯಾಕಮ್ಮಾ ಹೇಳಲಿಲ್ಲ?" ಎಂದೆ.

"ನೀವಿಬ್ರೂ ಕೊಡ್ಸಿದ್ದು ಕಣೇ. ಒಬ್ಳುದು ಬಿಟ್ರೆ ಇನ್ನೊಬ್ಳು ಗೆದ್ದಂಗಾಯ್ತದೆ" ಅಂದಳು.

ನೀನು ಕೊಡಿಸಿದ ಮಾತ್ರೆಯ ಸ್ಟ್ರಿಪ್ ಅವಳ ಚೀಲದಲ್ಲಿ ಸಿಕ್ಕಿತು. ಆದರೆ ನನಗೆ ಗೊತ್ತಾಗಬಾರದೆಂದು ಹೆಸರಿದ್ದ ತುದಿಯನ್ನು ಕತ್ತರಿಸಿ ಎಸೆದಿದ್ದಾಳೆ. ಡಾಕ್ಟರು ಆ ಹೆಸರಿಗಾಗಿಯೇ ಕಾಯುತ್ತಿದ್ದಾರೆ. ತರೀಕೆರೆಯ ಚೀಟಿ ನಿನ್ನ ಹತ್ತಿರವೇ ಇರಬೇಕು. ಫೋಟೋ ತೆಗೆದು ಈಗಲೇ ಕಳಿಸು.

ನಿನ್ನ ಡಾಕ್ಟರು ಬರೆದದ್ದು ತಪ್ಪಲ್ಲ, ನನ್ನ ಡಾಕ್ಟರು ಬರೆದದ್ದೂ ತಪ್ಪಲ್ಲ. ಎರಡೂ ಒಂದೇ ಹೊಟ್ಟೆಗೆ ಹೋಗುತ್ತಿವೆ ಎಂದು ಅವರಿಬ್ಬರಿಗೂ ಹೇಳುವವರೇ ಇರಲಿಲ್ಲ. ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ ಕಣೇ, ಆಮೇಲೆ ಆಡೋಣ. ಮೊದಲು ಫೋನ್ ಎತ್ತು.

ಅಮ್ಮನ ಮಂಚದ ಪಕ್ಕದಿಂದ,
ನಿನ್ನ ಹೇಮಕ್ಕ