ಹೇಮಾಳ ಮುಖಕ್ಕೆ ಒಗ್ಗುವ ಪೌಡರು

ಫೆಬ್ರವರಿ 11

ಬೆಳಗಿನಿಂದ ಬರೀ ಐಬ್ರೋ. ಹಾನಗಲ್ಲಿಗೆ ಮದುವೆಗೆ ಹೊರಟ ಒಂದು ಮನೆಯವರೆಲ್ಲ ಒಟ್ಟಿಗೆ ಬಂದು ಕೂತಿದ್ದರು. ದಾರ ಕಚ್ಚಿ ಹಿಡಿದು ಹಲ್ಲು ಜುಮ್ಮೆನ್ನುತ್ತಿದೆ.

ಅವರು ಹೋದ ಮೇಲೆ ಉಮೈಮಾ ಬಂದಳು. ಕಾಲೇಜಿನ ಹುಡುಗಿ, ತಿಂಗಳಿಗೊಮ್ಮೆ ಬರುವವಳು. ಜತೆಗೆ ಗೆಳತಿ ಹೇಮಾ. ದುಂಡಸಿಯವಳು, ಬಿಎಸ್ಸಿ ಕೊನೆಯ ವರ್ಷ, ದಿನಾ ಬಸ್ಸಿನಲ್ಲಿ ಶಿಗ್ಗಾಂವಿಗೆ ಬರುತ್ತಾಳೆ. ಮಾಸ್ಕು ಹಾಕಿದ್ದಳು. ಕೊರೋನಾ ಹೋಗಿ ಎಷ್ಟು ಕಾಲವಾಯಿತು!

"ಅಕ್ಕಾರ, ಮಿನರಲ್ ಮೇಕಪ್ ಅಂತ ಬರ್ತೈತಲ್ರಿ... ಅದು ನನ್ನಂಥಾ ಮುಖಕ್ಕ ಒಗ್ಗತೈತೇನ್ರಿ?"

"ಮೊದಲ ಮುಖಾ ನೋಡಬೇಕಲ್ಲವ್ವಾ."

ಪರದೆ ಎಳೆಸಿದಳು. ಚಿಲಕ ಹಾಕಿಸಿದಳು. ಉಮೈಮಾಳನ್ನೂ ಆ ಕಡೆ ತಿರುಗಿಸಿದಳು. ಆಮೇಲೆ ಮಾಸ್ಕು ತೆಗೆದಳು. ಕೆನ್ನೆ ತರಚಿದಂತೆ ಕೆಂಪು. ಬಾಯಿಯ ಸುತ್ತ ಕೀವುಗುಳ್ಳೆ. ಚರ್ಮ ಎಷ್ಟು ತೆಳ್ಳಗೆಂದರೆ ಒಳಗಿನ ಸಣ್ಣ ನರಗಳು ಕಾಣುತ್ತಿದ್ದವು. ಪಿಯುಸಿಯಿಂದ ಮೆಡಿಕಲ್ ಅಂಗಡಿಯ ಯಾವುದೋ ಟ್ಯೂಬು ಹಚ್ಚುತ್ತಿದ್ದಾಳಂತೆ. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಈಗ ಹಚ್ಚಿದರೂ ಉರಿ, ಬಿಟ್ಟರೂ ಉರಿ.

ಹೋದ ತಿಂಗಳು ಟೆಸ್ಟಿಗೆ ಕೂತಾಗ ಸೂಪರ್‌ವೈಸರ್ ಮಾಸ್ಕು ತೆಗೆ ಎಂದರು. ಫೋಟೋ ಜತೆ ಮುಖ ತಾಳೆ ನೋಡಬೇಕಲ್ಲ. ಇವಳು ಪೇಪರು ಅಲ್ಲೇ ಬಿಟ್ಟು ಎದ್ದು ಬಂದಳು. ಜೂನಿನಲ್ಲಿ ಕೊನೆಯ ಪರೀಕ್ಷೆ. ಅಷ್ಟರೊಳಗೆ ಮುಖ ಮುಚ್ಚುವಂಥದ್ದು ಏನಾದರೂ ಸಿಗಬೇಕು. ಇಲ್ಲದಿದ್ದರೆ ಬರೆಯುವುದೇ ಇಲ್ಲವಂತೆ.

ವಿಚಾರಿಸಿ ಹೇಳುತ್ತೇನೆ ಅಂದೆ. ಇಷ್ಟು ವರ್ಷ ಪಾರ್ಲರ್ ನಡೆಸಿದ್ದೇನೆ. ನನಗೆ ನಿಜವಾಗಿಯೂ ಗೊತ್ತಿಲ್ಲ.

ಫೆಬ್ರವರಿ 20

ತರಿಸಿದ ಮಿನರಲ್ ಪೌಡರ್ ಬಂತು. ಡಬ್ಬಿ ಬಹಳ ಚೆಂದ. ಮೊದಲು ನನ್ನ ಕೆನ್ನೆಗೇ ಹಚ್ಚಿ ನೋಡಿದೆ. ಏನೂ ಆಗಲಿಲ್ಲ. ನನ್ನದು ದಪ್ಪ ಚರ್ಮ — ಅದರಿಂದ ಏನು ತಿಳಿಯುತ್ತದೆ?

ಸಂಜೆ ಹೇಮಾಳ ಮೊಳಕೈ ಒಳಗೆ ಚೂರು, ದವಡೆಯ ಕೆಳಗೆ ಚೂರು. ಇವತ್ತು ತೊಳೆಯಬೇಡ, ನಾಳೆ ಹೇಳು ಅಂದೆ.

ಫೆಬ್ರವರಿ 21

ಹೇಮಾಳ ಚರ್ಮ ನಾಳೆಯತನಕ ಕಾಯಲೇ ಇಲ್ಲ. ಬಸ್ಸಿನಲ್ಲೇ ಕಡಿತ ಶುರುವಾಯಿತಂತೆ. ದವಡೆಯ ಕೆಳಗೆ ಬೊಬ್ಬೆ.

ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು. ಬಿಸ್ಮತ್ ಅಂತ ಏನೋ ಇದೆ. ಮಿನುಗಲಿ ಅಂತ ಹಾಕುವುದು. ಕೆಲವರಿಗೆ ಅದೇ ಕಡಿತವಂತೆ. ಮೇಲೆ ಸುವಾಸನೆ ಬೇರೆ. ಮುಂದುಗಡೆ ಮಾತ್ರ "ಸೂಕ್ಷ್ಮ ಚರ್ಮಕ್ಕೆ" ಅಂತ ದೊಡ್ಡದಾಗಿ. ಮಿನರಲ್ ಅನ್ನೋ ಹೆಸರಿಗೆ ಚರ್ಮ ಮರ್ಯಾದೆ ಕೊಡುವುದಿಲ್ಲ.

"ನಿಮಗೂ ಗೊತ್ತಿಲ್ಲಲ್ರಿ ಅಕ್ಕಾರ," ಅಂದಳು ಫೋನಿನಲ್ಲಿ. ಸಿಟ್ಟಲ್ಲ. ಅದೇ ಚುಚ್ಚಿತು.

"ಇಲ್ಲ. ಗೊತ್ತಿದ್ದವರ ಹತ್ರ ಹೋಗೂಣು. ಹಾವೇರಿಗೆ. ನಾನೂ ಬರ್ತೇನಿ."

ಫೆಬ್ರವರಿ 25

ಹೇಮಾಳ ತಾಯಿ ಹಾಲವ್ವ ಬೆಳಿಗ್ಗೆಯೇ ಪಾರ್ಲರಿಗೆ ಬಂದರು. ಕೂರಲಿಲ್ಲ.

"ನನ್ನ ಮಗಳ ಮುಖಕ್ಕ ಏನೇನರ ಬಳ್ದು ಇನ್ನಷ್ಟು ಕೆಡಸಬ್ಯಾಡ್ರಿ. ಉಷ್ಣ ಆಗೇತಿ, ಕಡಿಮಿ ಆಕ್ಕೇತಿ."

"ಬಳಿಯೂದಿಲ್ರಿ ಅವ್ವಾರ. ಡಾಕ್ಟರ್ ಕಡೆ ಕರ್ಕೊಂಡು ಹೊಂಟೇನಿ. ನೀವೂ ಬರ್ರಿ."

ಸೆರಗು ಬಿಗಿದುಕೊಂಡು ನಮ್ಮ ಜತೆಗೇ ಬಂದರು.

ಚರ್ಮದ ಡಾಕ್ಟರು ಟ್ಯೂಬಿನ ಹೆಸರು ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟರು. ಅದು ಸ್ಟೀರಾಯ್ಡ್. ಮುಖಕ್ಕೆ ವರ್ಷಗಟ್ಟಲೆ ಹಚ್ಚುವುದಲ್ಲ. ತಾವು ಹೇಳಿದಂತೆ ಹಂತಹಂತವಾಗಿ ಬಿಡಬೇಕು. ಬಿಡುವಾಗ ಮುಖ ಮೊದಲಿಗಿಂತ ಕೆರಳುತ್ತದೆ, ಹೆದರಿ ಮತ್ತೆ ಹಚ್ಚಬಾರದು.

ನಾನು ಪೌಡರಿನ ಬಗ್ಗೆ ಕೇಳಿದೆ.

"ಕೆಲವರಿಗೆ ಒಗ್ಗತದ, ಕೆಲವರಿಗೆ ಇಲ್ರಿ. ಪೌಡರ್ ಏನ್ ಔಷಧ ಅಲ್ಲ. ಈಗಂತೂ ಬ್ಯಾಡ, ಹಸಿ ಚರ್ಮದ ಮ್ಯಾಲ ಏನೂ ಬ್ಯಾಡ. ಸುಧಾರಿಸಿದ ಮ್ಯಾಲ ಸುವಾಸನೆ ಇಲ್ಲದ್ದು, ಸಾಮಾನು ಕಡಿಮಿ ಇದ್ದದ್ದು ನೋಡ್ರಿ. ಝಿಂಕ್ ಇದ್ರ ಛಲೋ. ಮೊದಲ ಒಂದು ಕಡೆ ಹಚ್ಚಿ ನೋಡೂದು, ರಾತ್ರಿ ಪೂರಾ ತೊಳೆಯೂದು."

ಬರುವಾಗ ಬಸ್ಸಿನಲ್ಲಿ ಹಾಲವ್ವ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು — "ಮುಖಾ ಹಾಲಿನಂಗ ಆತಂತ ಓಣ್ಯಾಗ ಎಲ್ಲಾರಿಗೂ ತೋರಿಸಿದ್ದೆ, ನಾನ."

ಮಾರ್ಚ್ 14

ಹೋಳಿ. ಬೀದಿಯೆಲ್ಲ ಹಲಗೆಯ ಸದ್ದು. ಅಂಗಡಿ ಮುಚ್ಚಿದ್ದೆ.

ಹೇಮಾಳ ಫೋನು. ಮಾತಿಲ್ಲ, ಅಳು. ಸಂಜೆ ಬಣ್ಣ ನಿಂತ ಮೇಲೆ ದುಂಡಸಿ ಬಸ್ಸು ಹತ್ತಿದೆ.

ಮುಖ ಊದಿತ್ತು. ರೆಪ್ಪೆ ಕೂಡ. ಕೆನ್ನೆಯಿಂದ ನೀರು ಒಸರುತ್ತಿತ್ತು. ಹಾಲವ್ವ ತಣ್ಣೀರ ಬಟ್ಟೆ ಹಿಡಿದು ಕೂತಿದ್ದರು. ಡಾಕ್ಟರಿಗೆ ಫೋಟೋ ಕಳಿಸಿದೆವು. ಇದು ಬರುವುದೇ, ಇನ್ನೊಂದು ಗುಳಿಗೆ ಸೇರಿಸುತ್ತೇನೆ ಅಂದರು.

"ಒಂದ ಸಲ ಆ ಟ್ಯೂಬ್ ಹಚ್ಚಿಬಿಡ್ತೇನ್ರಿ ಅಕ್ಕಾರ. ನಾಳೆ ಬೆಳಿಗ್ಗೆ ಇಳದಿರ್ತೈತಿ. ನನಗ ಗೊತ್ತೈತಿ."

ಹೌದು, ಇಳಿಯುತ್ತದೆ. ಅದೇ ಕಷ್ಟ. ಅವಳ ಕೈ ಹಿಡಿದುಕೊಂಡೆ.

ಬಾಗಿಲಲ್ಲಿ ಅವಳ ತಂದೆ ಮಹಾಲಿಂಗಪ್ಪ ನಿಂತಿದ್ದರು. "ಪರೀಕ್ಷಾ ಮುಂದಿನ ವರ್ಷ ಬರೀಲಿ ಬಿಡ್ರಿ. ಹುಡುಗಿಗೆ ಯಾಕ ಇಷ್ಟು ತ್ರಾಸ?"

ಹೇಮಾ ಊದಿದ ಕಣ್ಣಲ್ಲೇ ಅವರತ್ತ ತಿರುಗಿದಳು. "ಬ್ಯಾಡ ಅಪ್ಪಾ. ಬರೀತೇನಿ."

ಆಮೇಲೆ ಟ್ಯೂಬು ಕೇಳಲಿಲ್ಲ.

ಏಪ್ರಿಲ್ 17

ಒಂದು ತಿಂಗಳು ಹೇಮಾ ಬರಲಿಲ್ಲ, ಉಮೈಮಾ ಬಂದು ಸುದ್ದಿ ಹೇಳುತ್ತಿದ್ದಳು. ಕಾಲೇಜಿನ ನೋಟ್ಸ್ ದಿನಾ ಫೋಟೋ ತೆಗೆದು ಹೇಮಾಳಿಗೆ ಕಳಿಸುವುದು ಅವಳೇ.

ಇವತ್ತು ಇಬ್ಬರೂ ಬಂದರು. ಹೇಮಾ ಈ ಸಲ ಪರದೆ ಎಳೆಯಿರಿ ಅನ್ನಲಿಲ್ಲ. ಸಿಪ್ಪೆ ಏಳುವುದು ನಿಂತಿದೆ. ಗುಳ್ಳೆ ಅಲ್ಲೊಂದು ಇಲ್ಲೊಂದು. ಕಲೆ ಬಹಳ. ಆದರೆ ಮುಟ್ಟಿದರೆ ಉರಿಯುವುದಿಲ್ಲ ಅಂದಳು. ಮುಟ್ಟಿ ನೋಡಿದೆ. ತಣ್ಣಗಿತ್ತು. ಏನು ಖುಷಿ ನನಗೆ!

ಮೇ 12

ಡಾಕ್ಟರ್ ಒಪ್ಪಿದರು. ಹೊಸ ಪೌಡರ್. ಝಿಂಕ್, ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್, ಇನ್ನೊಂದೆರಡು. ಅಷ್ಟೇ. ವಾಸನೆಯಿಲ್ಲ, ಮಿನುಗಿಲ್ಲ. ಹೋದ ವಾರವೇ ದವಡೆಯ ಕೆಳಗೆ ಹಚ್ಚಿ ಕಳಿಸಿದ್ದೆ. ಮರುದಿನ ಇಲ್ಲ, ಅದರ ಮರುದಿನವೂ ಏನೂ ಇಲ್ಲ.

ಇವತ್ತು ಅರ್ಧ ಮುಖಕ್ಕೆ. ಕನ್ನಡಿ ಕೊಟ್ಟೆ.

"ಅಯ್ಯ... ನಮ್ಮ ಮುತ್ಯಾ ವಿಭೂತಿ ಬಳ್ಕೊಂಡಂಗ ಆಗೇತ್ರಿ!"

ನಿಜ. ಝಿಂಕಿನ ಬಿಳುಪು. ನಮ್ಮ ಎಣ್ಣೆಗೆಂಪು ಮೈಬಣ್ಣಕ್ಕೆ ಬೂದಿಯ ಹಾಗೆ. ಉಮೈಮಾ ಸ್ಟೂಲಿನಿಂದ ಬೀಳುವಂತೆ ನಕ್ಕಳು. ಹೇಮಾಳೂ ನಕ್ಕಳು — ಹಲ್ಲು ಸ್ವಲ್ಪ ಸೊಟ್ಟ ಇದೆ, ಇವತ್ತೇ ನೋಡಿದ್ದು.

ಗಾಢ ಬಣ್ಣದ್ದು ಇನ್ನೊಂದು ತರಿಸಿ ಬೆರೆಸಬೇಕು. ಅದನ್ನೂ ಮೊದಲು ದವಡೆಯ ಕೆಳಗೆ.

ಜೂನ್ 8

ನಾಳೆ ಹೇಮಾಳ ಮೊದಲ ಪೇಪರು. ಸವಣೂರಿನ ಮದುಮಗಳ ಮೇಕಪ್ ಕೂಡ ನಾಳೆ ಬೆಳಿಗ್ಗೆಯೇ ಇತ್ತು. ಬೇರೆಯವರಿಗೆ ಒಪ್ಪಿಸಿದೆ. ಗಂಡ ಮೃತ್ಯುಂಜಯ ಊಟಕ್ಕೆ ಕೂತಾಗ, "ಒಂದು ಹುಡುಗಿ ಸಲುವಾಗಿ ಮದುವಿ ಬಿಟ್ಟೇನ?" ಅಂದ. ಹೂಂ ಅಂದೆ. ಕೈ ತೊಳೆದು ಬಂದು, "ಛಲೋ ಬರೀತಾಳೇನು?" ಅಂತ ಕೇಳಿದ.

ಜೂನ್ 9

ಬೇಗ ಅಂಗಡಿ ತೆಗೆದೆ. ಹೇಮಾ ಬಂದಳು. ತೆಳ್ಳಗೆ ಒಂದು ಸುತ್ತು ಹಚ್ಚಿದೆ. ಬಣ್ಣ ಈಗ ಸರಿಯಾಗಿ ಕೂತಿದೆ. ಕೆಂಪು ತಗ್ಗಿತು. ಕಲೆ ಮಾತ್ರ ಕಾಣುತ್ತಿತ್ತು.

"ಇನ್ನೊಂದಿಷ್ಟು ಹಾಕ್ರಿ."

"ದಪ್ಪ ಹಾಕಿದ್ರ ಬೆವರಿಗೆ ಒಡೀತೈತಿ. ಇಷ್ಟ ಸಾಕು."

ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಮಾಸ್ಕು ಹಾಕಿಕೊಂಡೇ ಹೋದಳು. ನನಗೆ ಮಧ್ಯಾಹ್ನದವರೆಗೆ ಕೆಲಸದಲ್ಲಿ ಮನಸ್ಸಿಲ್ಲ. ಒಬ್ಬರ ಹುಬ್ಬು ಸ್ವಲ್ಪ ಮೇಲಾಯಿತು.

ಪರೀಕ್ಷೆ ಮುಗಿದದ್ದೇ ಓಡಿ ಬಂದರು ಇಬ್ಬರೂ.

"ಅಕ್ಕಾರ, ಮಾಸ್ಕ್ ತಗದ್ರೂ ಸೂಪರ್‌ವೈಸರ್ ದಿಟ್ಟಿಸಿ ನೋಡ್ಲೇ ಇಲ್ರಿ! ಹಾಲ್ ಟಿಕೆಟ್ ನೋಡಿದ್ರು, ನನ್ನ ನೋಡಿದ್ರು, ಸಹಿ ಮಾಡಿದ್ರು, ಹೋದ್ರು. ಅಷ್ಟ!"

"ಪೌಡರ್?"

ಉಮೈಮಾ ಹೇಳಿದಳು: "ಅರ್ಧ ಪೇಪರ್ ಬರಿಯೂದ್ರಾಗ ಬೆವರಿಗೆ ಎಲ್ಲಾ ಹೋಗಿತ್ರಿ. ಕರ್ಚೀಫ್‌ಲೆ ಒರಸ್ಕೋತ ಕುಂತಿದ್ಲು. ಆಕಿಗೆ ಗೊತ್ತ ಇಲ್ಲ."

ಹೇಮಾ ಕೆನ್ನೆ ಮುಟ್ಟಿಕೊಂಡಳು. "ಐದನೇ ಪ್ರಶ್ನಿ ಬಹಳ ದೊಡ್ಡದಿತ್ರಿ," ಅಂದಳು. "ಮುಖದ್ದು ನೆನಪ ಹೋತು."

ಜೂನ್ 16. ಮಧ್ಯಾಹ್ನ

ನಾಲ್ಕನೆಯ ಪೇಪರು. ಬೆಳಿಗ್ಗೆ ಅಂಗಡಿ ತೆಗೆದು ಕಾದೆ. ಬರಲಿಲ್ಲ. ಫೋನು ಸ್ವಿಚ್ ಆಫ್. ಮತ್ತೆ ಮುಖ ಕೆರಳಿತೇ? ಮನೆಯಲ್ಲೇ ಉಳಿದಳೇ? ಪೌಡರು, ಬ್ರಷ್ಷು ಚೀಲಕ್ಕೆ ತುಂಬಿ ಕಾಲೇಜಿಗೇ ನಡೆದೆ. ಗೇಟಿನ ಹತ್ತಿರ ಹುಡುಗ ಹುಡುಗಿಯರ ಹಿಂಡು. ಮಾಸ್ಕು ಹಾಕಿದವಳನ್ನು ಹುಡುಕುತ್ತಿದ್ದೆ. ಕಾಣಲಿಲ್ಲ.

ದುಂಡಸಿ ಬಸ್ಸು ತಡವಾಗಿ ಬಂತು. ಇಳಿದವರಲ್ಲಿ ಒಬ್ಬಳು ಮಿರ್ಚಿ ಭಜಿ ತಿನ್ನುತ್ತ ಇಳಿದಳು. ಬಾಯಿ ತುಂಬ, ಮಾಸ್ಕಿಲ್ಲ. ಕೆನ್ನೆಯ ಮೇಲೆ ಕಲೆ, ಬಿಸಿಲಿಗೆ ಸ್ವಲ್ಪ ಕೆಂಪು. ಎದುರು ಬಂದ ಉಮೈಮಾಳಿಗೆ ಏನೋ ಸೂತ್ರ ಹೇಳಿಕೊಡುತ್ತ ನನ್ನ ಎದುರಿನಿಂದಲೇ ಒಳಗೆ ಹೋದಳು. ನನ್ನನ್ನು ನೋಡಲೇ ಇಲ್ಲ.

ಕರೆಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆನಂತೆ, ಎದುರಂಗಡಿಯ ಫಾರೂಕಣ್ಣ ಕೇಳಿದರು, ಏನ್ ವಿಶೇಷ ನೇತ್ರಾಬಾಯಾರ ಅಂತ. ಏನು ಹೇಳಲಿ? ಪೌಡರು ಒಗ್ಗಿತು ಅನ್ನಲೇ, ಇಲ್ಲ —

ಫೋನು. ಹೇಮಾ. ಪೇಪರು ಮುಗಿಯಿತು ಅನಿಸುತ್ತದೆ. ಮಾತಾಡಿ ಬಂದು ಬರೆಯುತ್ತೇನೆ.